ಮೊಟ್ಟೆ ಮರಿಯಾಗಲಿಲ್ಲ ಅಂತ ಹುಂಜ ಕುಯ್ಯುವ ಮೊದಲು

ಯುಗಾದಿಗೆ ಇನ್ನೊಂದು ವಾರ ಇತ್ತು. ನಮ್ಮ ಕೆಂದು ಹೇಂಟೆ ಕಾವಿಗೆ ಕೂತು ಎಂಟು ದಿನ ಆಗಿತ್ತು. ರಾತ್ರಿ ಊಟ ಮುಗಿದ ಮೇಲೆ ಮೊಬೈಲ್ ಟಾರ್ಚ್ ಹಿಡಿದುಕೊಂಡು, ಬುಟ್ಟಿಯಿಂದ ಒಂದೊಂದೇ ಮೊಟ್ಟೆ ತೆಗೆದು ಬೆಳಕಿಗೆ ಇಟ್ಟು ನೋಡಿದೆ. 13 ಮೊಟ್ಟೆಗಳಲ್ಲಿ 9 ಖಾಲಿ. ಒಳಗೆ ನರ ಇಲ್ಲ, ಕಪ್ಪು ಚುಕ್ಕೆ ಇಲ್ಲ, ಬರೀ ಹಳದಿ ಬೆಳಕು. ಇನ್ನೊಂದರಲ್ಲಿ ಕೆಂಪು ಗೆರೆಯೊಂದು ಉಂಗುರದ ಹಾಗೆ ಸುತ್ತಿಕೊಂಡಿತ್ತು. ಮೂರರಲ್ಲಿ ಮಾತ್ರ ಜೇಡರ ಬಲೆಯಂಥ ನರಗಳು ಕಂಡವು.

ಮನೆಯಲ್ಲಿ ಆಗಲೇ ತೀರ್ಮಾನ ಆಗಿಹೋಯಿತು. ಹುಂಜ ಗೊಡ್ಡು, ಇಟ್ಟುಕೊಂಡು ಪ್ರಯೋಜನ ಇಲ್ಲ, ಹೊಸತೊಡಕಿಗೆ ಅದನ್ನೇ ಕುಯ್ಯೋಣ ಅಂತ. ಪಕ್ಕದ ಮನೆಯವರೂ ಅದನ್ನೇ ಹೇಳಿದರು. ನಮ್ಮ ಅರಸೀಕೆರೆ ಕಡೆ ಮಾತ್ರ ಅಲ್ಲ, ಕೋಳಿ ಸಾಕುವ ಯಾವ ಊರಿನಲ್ಲೂ ಮರಿ ಆಗಲಿಲ್ಲ ಅಂದರೆ ಮೊದಲ ಮಾತು ಇದೇ ಅಲ್ವಾ?

ಆ ರಾತ್ರಿ ನಾನು ಖಾಲಿ ಕಂಡ ಒಂಬತ್ತನ್ನೂ, ಉಂಗುರ ಕಂಡ ಒಂದನ್ನೂ ಸ್ಟೀಲ್ ತಟ್ಟೆಗೆ ಒಂದೊಂದಾಗಿ ಒಡೆದು ನೋಡಿದೆ. ಒಂಬತ್ತರಲ್ಲಿ ಎಂಟು ಗೊಡ್ಡು ಮೊಟ್ಟೆ ಆಗಿರಲೇ ಇಲ್ಲ. ಫಲ ಆಗಿತ್ತು, ಕಾವಿಗೆ ಕೂರಿಸುವ ಹೊತ್ತಿಗೋ ಕೂರಿಸಿದ ಒಂದೆರಡು ದಿನಕ್ಕೋ ಸತ್ತಿದ್ದವು. ಅಂದರೆ 13ರಲ್ಲಿ 12ಕ್ಕೆ ಹುಂಜ ತನ್ನ ಕೆಲಸ ಸರಿಯಾಗಿ ಮಾಡಿತ್ತು. ತಪ್ಪು ನಮ್ಮ ಅಡುಗೆಮನೆಯಲ್ಲಿ ಆಗಿತ್ತು. ಅದನ್ನು ಮುಂದೆ ಹೇಳುತ್ತೇನೆ.

ಬೆಳಕಿಗೆ ಖಾಲಿ ಕಂಡ ಮೊಟ್ಟೆ ಎಲ್ಲ ಗೊಡ್ಡು ಅಲ್ಲ. ಒಡೆದು ನೋಡದೆ ಹುಂಜದ ಮೇಲೆ ತಪ್ಪು ಹೊರಿಸಬೇಡಿ. ನಾನು ಇದನ್ನು ಬರೆಯುತ್ತಿರುವುದೇ ಈ ಮಾತಿಗೋಸ್ಕರ.

ಮೊಟ್ಟೆ ಒಳಗೆ ನಡೆಯುವುದು ಏನು

ಹೇಂಟೆ ಮೊಟ್ಟೆ ಇಡೋಕೆ ಹುಂಜ ಬೇಕಿಲ್ಲ. ಅಂಗಡಿಯಲ್ಲಿ ಸಿಗುವ ಬಿಳಿ ಫಾರಂ ಮೊಟ್ಟೆ ಹುಂಜದ ಮುಖವನ್ನೇ ನೋಡದ ಕೋಳಿಗಳದು. ಮರಿ ಆಗೋಕೆ ಮಾತ್ರ ಹುಂಜ ಬೇಕು.

ಕೂಡಿದ ಮೇಲೆ ವೀರ್ಯ ಹೇಂಟೆಯ ಮೊಟ್ಟೆ ನಾಳದಲ್ಲಿರುವ ಸಣ್ಣ ಸಣ್ಣ ಕೊಳವೆಗಳಲ್ಲಿ ಹೋಗಿ ಉಳಿದುಕೊಳ್ಳುತ್ತದೆ. ಅಲ್ಲಿ ಅದು ಸಾಮಾನ್ಯವಾಗಿ ಎರಡು ವಾರ, ಕೆಲವು ಕೋಳಿಗಳಲ್ಲಿ ಮೂರು ವಾರದವರೆಗೂ ಜೀವಂತ ಇರುತ್ತದೆ. ದಿನವೂ ಸ್ವಲ್ಪ ಸ್ವಲ್ಪ ಮೇಲಕ್ಕೆ ಹೋಗುತ್ತದೆ. ಮೊಟ್ಟೆಯ ಹಳದಿ ಭಾಗ ಅಂಡಾಶಯದಿಂದ ಬಿಟ್ಟು ನಾಳದ ಬಾಯಿಗೆ ಬಿದ್ದ ಕಾಲು ಗಂಟೆಯೊಳಗೆ ಫಲ ಆಗಬೇಕು. ಆಮೇಲೆ ಸುತ್ತ ಲೋಳೆ ಕಟ್ಟಿಕೊಳ್ಳುತ್ತದೆ, ವೀರ್ಯ ಒಳಗೆ ಹೋಗೋಕೆ ದಾರಿ ಇರಲ್ಲ. ಅಲ್ಲಿಂದ ಮೊಟ್ಟೆ ಹೊರಗೆ ಬರೋಕೆ ಸುಮಾರು 25 ಗಂಟೆ ಬೇಕು. ಅದರಲ್ಲಿ 20 ಗಂಟೆ ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ.

ಇಲ್ಲಿ ಒಂದು ವಿಷಯ ತುಂಬ ಮುಖ್ಯ. ಆ 25 ಗಂಟೆ ಮೊಟ್ಟೆ ಇರುವುದು ತಾಯಿಯ ಹೊಟ್ಟೆಯೊಳಗಿನ ಬಿಸಿಯಲ್ಲಿ. ಆ ಬಿಸಿಗೆ ಭ್ರೂಣ ಬೆಳೆಯೋಕೆ ಶುರು ಮಾಡಿಬಿಡುತ್ತದೆ. ಹೇಂಟೆ ಮೊಟ್ಟೆ ಇಡುವ ಹೊತ್ತಿಗೆ ಅದರಲ್ಲಿ ಸಾವಿರಾರು ಜೀವಕೋಶಗಳಾಗಿರುತ್ತವೆ. ಹೊರಗೆ ಬಂದು ತಣ್ಣಗಾದ ಮೇಲೆ ಬೆಳವಣಿಗೆ ನಿಂತು ನಿದ್ದೆ ಹೋದ ಹಾಗೆ ಇರುತ್ತದೆ. ಮತ್ತೆ ಕಾವು ಸಿಕ್ಕಾಗ ಏಳುತ್ತದೆ. ಹೀಗಾಗಿಯೇ ಇವತ್ತು ಇಟ್ಟ ಮೊಟ್ಟೆಯನ್ನು ಇವತ್ತೇ ಒಡೆದರೂ ಫಲಿತವೋ ಗೊಡ್ಡೋ ಅಂತ ಕಣ್ಣಿಗೆ ಕಾಣುತ್ತದೆ.

ಹೊರಗಿನಿಂದ ಗೊತ್ತಾಗಲ್ಲ

ಇದನ್ನು ನೇರವಾಗಿ ಹೇಳಿಬಿಡುತ್ತೇನೆ. ಕಾವಿಗೆ ಇಡದ ಮೊಟ್ಟೆ ಫಲಿತವೋ ಅಲ್ಲವೋ ಅಂತ ಮನೆಯಲ್ಲಿ ಒಡೆಯದೆ ತಿಳಿಯುವ ದಾರಿ ಇಲ್ಲ.

ನೀರಿಗೆ ಹಾಕಿ ನೋಡುವುದು ಬೇರೆ ಲೆಕ್ಕ. ಮೊಟ್ಟೆ ಹಳತಾದಷ್ಟೂ ಒಳಗಿನ ನೀರು ಆರಿ ಗಾಳಿ ಗೂಡು ದೊಡ್ಡದಾಗುತ್ತದೆ, ತೇಲುತ್ತದೆ. ಅದರಿಂದ ಮೊಟ್ಟೆಯ ವಯಸ್ಸು ಗೊತ್ತಾಗುತ್ತದೆ ಅಷ್ಟೇ. ಚೂಪು ಮೊಟ್ಟೆ, ಗುಂಡು ಮೊಟ್ಟೆ, ಒರಟು ಚಿಪ್ಪು, ಕಡು ಹಳದಿ, ಇವಕ್ಕೂ ಫಲಕ್ಕೂ ಸಂಬಂಧ ಇಲ್ಲ. ಕೋಳಿ ಹಸಿರು ಜಾಸ್ತಿ ತಿಂದರೆ ಹಳದಿ ಕಡುವಾಗುತ್ತದೆ.

ಒಡೆದಾಗ ಹಳದಿಯ ಮೇಲೆ ಕಾಣುವ ರಕ್ತದ ಚುಕ್ಕೆ ಬಗ್ಗೆ ಬಹಳ ಜನಕ್ಕೆ ತಪ್ಪು ತಿಳಿವಳಿಕೆ ಇದೆ. ಹಳದಿ ಅಂಡಾಶಯದಿಂದ ಬಿಡುವಾಗ ಸಣ್ಣ ರಕ್ತನಾಳ ಒಡೆದರೆ ಆ ಚುಕ್ಕೆ ಬರುತ್ತದೆ. ಹುಂಜ ಇಲ್ಲದ ಕೋಳಿಯ ಮೊಟ್ಟೆಯಲ್ಲೂ ಬರುತ್ತದೆ. ಅದು ಮರಿ ಅಲ್ಲ. ಹಳದಿಯ ಎರಡು ಕಡೆ ಬಿಳಿ ಹುರಿಯಂಥದ್ದು ಇರುತ್ತದಲ್ಲ, ಅದೂ ಮರಿ ಅಲ್ಲ. ಹಳದಿಯನ್ನು ನಡುವೆ ಹಿಡಿದಿಡುವ ಕಟ್ಟು ಅದು. ಎಲ್ಲ ಮೊಟ್ಟೆಯಲ್ಲೂ ಇರುತ್ತದೆ, ತಾಜಾ ಮೊಟ್ಟೆಯಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ.

ಬಳೆ ಇದೆಯಾ ನೋಡಿ

ಬೆಳಗಿನ ಹೊತ್ತು, ಕಿಟಕಿ ಪಕ್ಕ, ಒಂದು ಚಪ್ಪಟೆ ತಟ್ಟೆ. ಮೊಟ್ಟೆಯನ್ನು ತಟ್ಟೆಗೆ ಹತ್ತಿರ ಹಿಡಿದು ಮೆಲ್ಲಗೆ ಒಡೆಯಿರಿ, ಹಳದಿ ಒಡೆಯಬಾರದು. ಒಂದು ನಿಮಿಷ ಹಾಗೇ ಬಿಡಿ. ಹಳದಿಯ ಮೇಲ್ಭಾಗದಲ್ಲಿ ಒಂದು ಬಿಳಿ ಚುಕ್ಕೆ ಕಾಣುತ್ತದೆ. ಆ ಚುಕ್ಕೆ ಇರುವ ಕಡೆ ಹಳದಿ ಹಗುರ, ಅದಕ್ಕೆ ಸಾಮಾನ್ಯವಾಗಿ ತಾನಾಗಿ ಮೇಲಕ್ಕೆ ತಿರುಗುತ್ತದೆ. ಕಾಣಲಿಲ್ಲ ಅಂದರೆ ಚಮಚದ ಬೆನ್ನಿನಿಂದ ಹಳದಿಯನ್ನು ನಿಧಾನಕ್ಕೆ ಉರುಳಿಸಿ ಹುಡುಕಿ. ಚುಕ್ಕೆ ಎಲ್ಲ ಮೊಟ್ಟೆಯಲ್ಲೂ ಇದ್ದೇ ಇರುತ್ತದೆ. ನೋಡಬೇಕಾದ್ದು ಅದರ ಆಕಾರ.

ಗೊಡ್ಡು ಮೊಟ್ಟೆಯಲ್ಲಿ ಚುಕ್ಕೆ ಸಣ್ಣದು, 2-3 ಮಿಲಿಮೀಟರ್, ಹೆಚ್ಚೆಂದರೆ ಎಳ್ಳು ಕಾಳಿನಷ್ಟು. ಗಟ್ಟಿ ಬಿಳುಪು. ಅಂಚು ನೆಟ್ಟಗಿರುವುದಿಲ್ಲ, ಹಾಲಿನ ಹನಿ ಬಿದ್ದು ಒಣಗಿದ ಹಾಗೆ ಅಡ್ಡಾದಿಡ್ಡಿ. ಕೆಲವು ಸಲ ಸುತ್ತ ಸೋಪಿನ ನೊರೆಯಂಥ ಸಣ್ಣ ಗುಳ್ಳೆಗಳು ಕಾಣುತ್ತವೆ.

ಫಲಿತ ಮೊಟ್ಟೆಯಲ್ಲಿ ಚುಕ್ಕೆ 4-5 ಮಿಲಿಮೀಟರ್, ಒಂದು ಹೆಸರುಕಾಳಿನ ಅಗಲ. ದುಂಡಗೆ, ಅಂಚು ಸ್ಪಷ್ಟ. ನಡುಭಾಗ ಸ್ವಲ್ಪ ತಿಳಿ, ಅದರ ಸುತ್ತ ಬಿಳಿ ಬಳೆ. ನಾನು ಮಕ್ಕಳಿಗೆ ಹೇಳಿಕೊಡುವಾಗ ಹೇಳುವುದು ಇಷ್ಟೇ: ಬಳೆ ತೊಟ್ಟಿದ್ದರೆ ಫಲಿತ, ಬರೀ ಹನಿ ಆದರೆ ಗೊಡ್ಡು.

ಮೊದಲ ನಾಲ್ಕೈದು ಮೊಟ್ಟೆಯಲ್ಲಿ ಗೊಂದಲ ಆಗುತ್ತದೆ. ಅದಕ್ಕೊಂದು ಉಪಾಯ ಇದೆ. ಅಂಗಡಿಯಿಂದ ಒಂದು ಫಾರಂ ಮೊಟ್ಟೆ ತಂದು ಪಕ್ಕದ ತಟ್ಟೆಗೆ ಒಡೆಯಿರಿ. ಅದು ಗೊಡ್ಡು ಅಂತ ಖಾತ್ರಿ. ಅದರ ಚುಕ್ಕೆಯನ್ನೂ ನಿಮ್ಮ ಮನೆ ಮೊಟ್ಟೆಯ ಚುಕ್ಕೆಯನ್ನೂ ಒಟ್ಟಿಗೆ ನೋಡಿದರೆ ವ್ಯತ್ಯಾಸ ಕಣ್ಣಿಗೆ ಕೂರುತ್ತದೆ. ಆಮೇಲೆ ಎಂದೂ ಮರೆಯಲ್ಲ.

ನಾಟಿ ಕೋಳಿ ಹತ್ತೋ ಹದಿನೈದೋ ಮೊಟ್ಟೆ ಇಟ್ಟು ಕಾವಿಗೆ ಬಂದುಬಿಡುತ್ತದೆ. ಪರೀಕ್ಷೆಗೆ ಅಂತ ಹತ್ತು ಮೊಟ್ಟೆ ಒಡೆದರೆ ಕೂರಿಸೋಕೆ ಏನೂ ಉಳಿಯಲ್ಲ. ಒಡೆಯೋದು ದಂಡ ಅಂತ ಅನ್ನಿಸುವುದು ಸಹಜ. ನಾನು ಮಾಡುವುದು ಬೇರೆ. ವರ್ಷಪೂರ್ತಿ ಆಮ್ಲೆಟ್‌ಗೆ ಒಡೆಯುವ ಮನೆ ಮೊಟ್ಟೆಯನ್ನು ನೇರ ಬಾಣಲೆಗೆ ಹಾಕದೆ ಮೊದಲು ತಟ್ಟೆಗೆ ಹಾಕಿ ಚುಕ್ಕೆ ನೋಡಿಬಿಡುತ್ತೇನೆ. ಹತ್ತು ಸೆಕೆಂಡ್ ಕೆಲಸ. ಹುಂಜ ಹೇಗಿದೆ ಅಂತ ಅಡುಗೆಮನೆಯಲ್ಲೇ ಸುದ್ದಿ ಸಿಗುತ್ತದೆ. ಹತ್ತರಲ್ಲಿ ಎಂಟೊಂಬತ್ತಕ್ಕೆ ಬಳೆ ಇದ್ದರೆ ಆ ಹುಂಜದ ಬಗ್ಗೆ ಯಾರೂ ಏನೂ ಹೇಳುವಂತಿಲ್ಲ.

ಫಲಿತ ಮೊಟ್ಟೆ ತಿನ್ನಬಹುದಾ ಅಂತ ಕೇಳುತ್ತಾರೆ. ಧಾರಾಳವಾಗಿ ತಿನ್ನಬಹುದು. ದಿನಾ ಎತ್ತಿ ತಣ್ಣಗೆ ಇಟ್ಟ ಮೊಟ್ಟೆಯಲ್ಲಿ ಮರಿ ಬೆಳೆಯಲ್ಲ. ರುಚಿಯೂ ಅದೇ, ಸತ್ವವೂ ಅದೇ.

ಏಳನೇ ರಾತ್ರಿಯ ಟಾರ್ಚ್

ಕಾವಿಗೆ ಕೂರಿಸಿದ ಮೇಲೆ ಒಡೆಯದೆ ನೋಡಬಹುದು. ನಮ್ಮಜ್ಜಿ ಕಾಲದಲ್ಲಿ ಹೆಂಚಿನ ಸಂದಿಯಿಂದ ಕತ್ತಲೆ ಕೋಣೆಗೆ ಬೀಳುವ ಬಿಸಿಲ ಕೋಲಿಗೆ ಮೊಟ್ಟೆ ಹಿಡಿದು ನೋಡುತ್ತಿದ್ದರು. ಈಗ ಮೊಬೈಲ್ ಟಾರ್ಚ್ ಸಾಕು. ಒಂದು ರಟ್ಟಿನ ತುಂಡಿಗೆ ಐದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ಚಿಕ್ಕ ತೂತು ಮಾಡಿ ಟಾರ್ಚ್ ಮೇಲೆ ಇಡಿ. ಕೋಣೆ ಪೂರ್ತಿ ಕತ್ತಲಿರಲಿ. ಮೊಟ್ಟೆಯ ದಪ್ಪ ತುದಿಯನ್ನು ತೂತಿನ ಮೇಲಿಟ್ಟು ಮೆಲ್ಲಗೆ ತಿರುಗಿಸಿ.

ಬಿಳಿ ಚಿಪ್ಪಿನಲ್ಲಿ ನಾಲ್ಕೈದನೇ ದಿನಕ್ಕೇ ನರ ಕಾಣುತ್ತದೆ. ನಾಟಿ ಮೊಟ್ಟೆಯ ಚಿಪ್ಪು ಕಂದು ಇರುವುದರಿಂದ ಏಳೆಂಟು ದಿನ ಕಾಯುವುದು ಒಳ್ಳೆಯದು. ಅವಸರ ಮಾಡಿ ಮೂರನೇ ದಿನ ನೋಡಿ ಎಸೆದರೆ ಒಳ್ಳೆ ಮೊಟ್ಟೆಯೂ ಹೋಗುತ್ತದೆ. ಅನುಮಾನ ಇದ್ದದ್ದಕ್ಕೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ ಮತ್ತೆ ಬುಟ್ಟಿಗಿಡಿ, ಹತ್ತನೇ ದಿನ ಇನ್ನೊಮ್ಮೆ ನೋಡಿ. ಮಾರ್ಕರ್ ಬೇಡ, ಚಿಪ್ಪಿನ ಸಣ್ಣ ರಂಧ್ರಗಳ ಮೂಲಕ ಮೊಟ್ಟೆ ಉಸಿರಾಡುತ್ತದೆ.

ಜೀವ ಇದ್ದರೆ ಒಂದು ಕಪ್ಪು ಚುಕ್ಕೆ, ಅದರಿಂದ ಸುತ್ತ ಹರಡಿದ ಕೆಂಪು ನರಗಳು ಕಾಣುತ್ತವೆ. ಸ್ವಲ್ಪ ಹೊತ್ತು ಹಿಡಿದರೆ ಚುಕ್ಕೆ ಅಲುಗಾಡುವುದೂ ಗೊತ್ತಾಗುತ್ತದೆ. ನರ ಎಲ್ಲ ಮಾಯವಾಗಿ ಕೆಂಪು ಉಂಗುರ ಮಾತ್ರ ಉಳಿದಿದ್ದರೆ, ಫಲ ಆಗಿ, ರಕ್ತ ಹುಟ್ಟಿ, ಆಮೇಲೆ ಸತ್ತದ್ದು. ರಕ್ತ ಓಡೋಕೆ ಶುರುವಾಗುವುದು ಎರಡನೇ ದಿನದ ಕೊನೆಗೆ. ಹಾಗಾಗಿ ಉಂಗುರ ಇದ್ದರೆ ಎರಡು ದಿನವಾದರೂ ಬದುಕಿತ್ತು ಅಂತ ಲೆಕ್ಕ.

ಏನೂ ಕಾಣಲಿಲ್ಲ ಅಂದರೆ ಎರಡು ಸಾಧ್ಯತೆ. ಒಂದು, ಗೊಡ್ಡು. ಎರಡು, ರಕ್ತ ಹುಟ್ಟುವ ಮೊದಲೇ ಸತ್ತದ್ದು. ಟಾರ್ಚ್‌ಗೆ ಎರಡೂ ಒಂದೇ ಥರ ಕಾಣುತ್ತವೆ. ನಮ್ಮ ಮನೆಯಲ್ಲಿ ಎಲ್ಲರೂ ಎಡವಿದ್ದು ಇಲ್ಲೇ.

ಖಾಲಿ ಮೊಟ್ಟೆಯನ್ನು ಅದೇ ರಾತ್ರಿ ಒಡೆಯಿರಿ

ಇಪ್ಪತ್ತೊಂದು ದಿನ ಕಾದು ಒಡೆದರೆ ಲೋಳೆ ನೀರಾಗಿ, ಹಳದಿ ಕದಡಿ, ಕೊಳೆತು ಏನೂ ತಿಳಿಯಲ್ಲ. ಕೊಳೆತ ಮೊಟ್ಟೆ ಗಾಳಿ ತುಂಬಿ ಸಿಡಿಯಲೂಬಹುದು. ಏಳರಿಂದ ಹತ್ತನೇ ದಿನದೊಳಗೆ ಒಡೆದರೆ ಒಳಗಿನ ಕಥೆ ಸ್ಪಷ್ಟವಾಗಿರುತ್ತದೆ.

ಆ ರಾತ್ರಿ ನಾನು ಒಡೆದ ಮೊದಲ ಮೊಟ್ಟೆಯ ಹಳದಿಯ ಮೇಲೆ ಕೆನೆ ಬಣ್ಣದ ಒಂದು ಬಿಲ್ಲೆ ಇತ್ತು. ಅರ್ಧ ಅಂಗುಲಕ್ಕೆ ಸ್ವಲ್ಪ ಕಡಿಮೆ ಅಗಲ. ಬೇಯಿಸಿದ ಹಾಲಿನ ಕೆನೆಯ ಚೂರು ಅಂಟಿಸಿದ ಹಾಗೆ. ರಕ್ತದ ಸುಳಿವೇ ಇಲ್ಲ. ಗೊಡ್ಡು ಮೊಟ್ಟೆಯ ಚುಕ್ಕೆ ಎಷ್ಟು ದಿನ ಕಾವಿಗಿಟ್ಟರೂ ಹೀಗೆ ಬೆಳೆಯಲ್ಲ, ಎಳ್ಳಿನಷ್ಟೇ ಇರುತ್ತದೆ. ಬಿಲ್ಲೆ ಅಗಲ ಆಗಿದೆ ಅಂದರೆ ಜೀವ ಇತ್ತು, ಬೆಳೆಯೋಕೆ ಹೊರಟಿತ್ತು, ದಾರಿಯಲ್ಲಿ ನಿಂತಿತು ಅಂತ ಅರ್ಥ. ಎರಡನೆಯದೂ ಹಾಗೇ. ಮೂರನೆಯದೂ, ನಾಲ್ಕನೆಯದೂ. ಐದನೆಯದು ಮಾತ್ರ ಹಾಲಿನ ಹನಿ, ಸಣ್ಣದು, ಬಳೆ ಇಲ್ಲ. ಅದೊಂದೇ ನಿಜವಾದ ಗೊಡ್ಡು. ಉಳಿದ ನಾಲ್ಕರಲ್ಲೂ ಮತ್ತೆ ಅದೇ ಕೆನೆ ಬಿಲ್ಲೆ.

ತಟ್ಟೆ ನೋಡುತ್ತಾ ಕೂತವನಿಗೆ ನಿಜಕ್ಕೂ ಬೇಜಾರಾಯಿತು. ಎಂಟು ಮರಿ ಆಗಬಹುದಿತ್ತು.

ಫಲ ಆಗಿ ಸತ್ತಿದ್ದರೆ ಎಲ್ಲಿ ಹುಡುಕಬೇಕು

ಮೊದಲು ನೋಡಬೇಕಾದ್ದು ಕೂರಿಸುವ ತನಕ ಮೊಟ್ಟೆ ಎಲ್ಲಿಟ್ಟಿದ್ದಿರಿ, ಎಷ್ಟು ದಿನ ಇಟ್ಟಿದ್ದಿರಿ ಅಂತ.

ನಾವು ಎರಡು ಹೇಂಟೆಗಳ ಮೊಟ್ಟೆಯನ್ನು 16 ದಿನ ಕೂಡಿಸಿದ್ದೆವು. ಇಟ್ಟಿದ್ದು ಅಡುಗೆಮನೆಯ ಒಲೆ ಮೇಲಿನ ಹಲಗೆಯಲ್ಲಿ, ಬೆಕ್ಕಿಗೆ ಸಿಗಬಾರದು ಅಂತ. ಮಾರ್ಚ್ ತಿಂಗಳ ಬಿಸಿಲು, ಕೆಳಗೆ ದಿನಾ ಮೂರು ಹೊತ್ತು ಒಲೆ. ಮಾರನೇ ದಿನ ಅಲ್ಲೊಂದು ಥರ್ಮಾಮೀಟರ್ ಇಟ್ಟು ನೋಡಿದೆ. ಮಧ್ಯಾಹ್ನ ಮುದ್ದೆ ಬೇಯುವ ಹೊತ್ತಿಗೆ 36 ಡಿಗ್ರಿ ಇತ್ತು. ಬೆಳಗಿನ ಜಾವ 24.

ಭ್ರೂಣ ನಿದ್ದೆಯಲ್ಲಿರಬೇಕಾದರೆ ಸುಮಾರು 20 ಡಿಗ್ರಿಗಿಂತ ಕೆಳಗಿರಬೇಕು. 27 ದಾಟಿದರೆ ಅರೆಬರೆ ಬೆಳೆಯೋಕೆ ಶುರು ಮಾಡುತ್ತದೆ. ಪೂರ್ತಿ ಬೆಳೆಯೋಕೆ ಬೇಕಾದ ಕಾವು ಇಲ್ಲ, ನಿದ್ದೆ ಮಾಡೋಕೆ ಬೇಕಾದ ತಂಪೂ ಇಲ್ಲ. ಮಧ್ಯಾಹ್ನ ಏಳುವುದು, ರಾತ್ರಿ ಮಲಗುವುದು. ಹೀಗೆ ನಾಲ್ಕಾರು ದಿನ ಆದರೆ ಸುಸ್ತಾಗಿ ಸಾಯುತ್ತದೆ. ನಮ್ಮ ಎಂಟು ಮೊಟ್ಟೆಗೂ ಆದದ್ದು ಇದೇ. ನರ ಕಂಡ ಮೂರೂ ಕೊನೆಕೊನೆಯಲ್ಲಿ ಇಟ್ಟವು, ಹಲಗೆ ಮೇಲೆ ಎರಡು ಮೂರು ದಿನ ಮಾತ್ರ ಇದ್ದವು. ಮೊಟ್ಟೆ ಮೇಲೆ ತಾರೀಖು ಬರೆದಿದ್ದರಿಂದ ಇದು ಗೊತ್ತಾಯಿತು. ತಾರೀಖು ಬರೆಯುವ ಅಭ್ಯಾಸ ದಯವಿಟ್ಟು ಮಾಡಿಕೊಳ್ಳಿ.

ಕೂರಿಸುವ ಮೊಟ್ಟೆಗೆ 12ರಿಂದ 18 ಡಿಗ್ರಿ ತಂಪು ಒಳ್ಳೆಯದು, ಒಂದು ವಾರದೊಳಗೆ ಕೂರಿಸಿದರೆ ಇನ್ನೂ ಒಳ್ಳೆಯದು. ಬೇಸಿಗೆಯಲ್ಲಿ ನಮ್ಮ ಕಡೆ ಅಷ್ಟು ತಂಪು ಎಲ್ಲಿಂದ ತರೋದು? ರಾಯಚೂರು, ಕಲಬುರಗಿ ಕಡೆಯವರ ಪಾಡು ಇನ್ನೂ ಕಷ್ಟ, ಅಲ್ಲಿ ಬಿಸಿಲು 40 ದಾಟುತ್ತದೆ. ನಾನು ಈಗ ಮಾಡುವುದು ಹೀಗೆ: ಅಗಲ ಬಾಯಿಯ ಮಣ್ಣಿನ ಕುಂಡದಲ್ಲಿ ಒದ್ದೆ ಮರಳು ಹಾಕಿ, ಅದರೊಳಗೆ ಒಂದು ಸಣ್ಣ ಮಡಕೆ ಇಟ್ಟು, ಮಡಕೆಯಲ್ಲಿ ರಾಗಿ ಹೊಟ್ಟಿನ ಮೇಲೆ ಮೊಟ್ಟೆಗಳನ್ನು ಚೂಪು ತುದಿ ಕೆಳಗೆ ಮಾಡಿ ಇಡುತ್ತೇನೆ. ಮೇಲೊಂದು ತೆಳು ಬಟ್ಟೆ. ಮರಳಿಗೆ ದಿನಾ ನೀರು ಚಿಮುಕಿಸುತ್ತೇನೆ, ಮೊಟ್ಟೆಗೆ ತಾಕಿಸಲ್ಲ. ಮನೆಯಲ್ಲಿ ತಂಪಾದ ಮೂಲೆ, ಸಾಮಾನ್ಯವಾಗಿ ದೇವರ ಕೋಣೆಯೋ ಬಚ್ಚಲ ಪಕ್ಕದ ಕೋಣೆಯೋ ಇರುತ್ತದೆ, ಅಲ್ಲಿಡಿ. ಒಂದು ವಾರ ದಾಟಿದರೆ ದಿನಕ್ಕೊಮ್ಮೆ ಮೊಟ್ಟೆ ಓರೆ ಬದಲಿಸಿ, ಇಲ್ಲದಿದ್ದರೆ ಹಳದಿ ಚಿಪ್ಪಿಗೆ ಅಂಟಿಕೊಳ್ಳುತ್ತದೆ. ಫ್ರಿಜ್ಜಿನ ತಂಪು ತೀರಾ ಜಾಸ್ತಿ. ಅಲ್ಲಿಟ್ಟವು ಕೆಲವು ಮರಿಯಾಗಬಹುದು, ನಂಬೋಕೆ ಆಗಲ್ಲ.

ಮೊಟ್ಟೆ ತೊಳೆಯಬೇಡಿ. ಚಿಪ್ಪಿನ ಮೇಲೆ ಒಂದು ತೆಳು ಪೊರೆ ಇರುತ್ತದೆ, ತೊಳೆದರೆ ಅದು ಹೋಗಿ ಕ್ರಿಮಿ ಒಳಗೆ ಹೋಗುತ್ತದೆ. ಹಿಕ್ಕೆ ಅಂಟಿದ ಮೊಟ್ಟೆಯನ್ನು ಅಡುಗೆಗೆ ಬಳಸಿ, ಚೊಕ್ಕ ಇರುವುದನ್ನು ಕೂರಿಸಿ.

ಬೇರೆ ಕಡೆಯಿಂದ ತಂದ ಮೊಟ್ಟೆ ಆದರೆ ದಾರಿಯ ಕುಲುಕಾಟವೂ ಕಾರಣ ಇರಬಹುದು. ಹಿಂದೊಮ್ಮೆ ಒಬ್ಬರಿಂದ ಮರಿ ಆಗುವ ಮೊಟ್ಟೆ ಅಂತ ದುಡ್ಡು ಕೊಟ್ಟು 12 ತಂದಿದ್ದೆ. ಒಂದೂ ಮರಿ ಆಗಲಿಲ್ಲ. ಆಗ ನನಗೆ ಬಳೆ ನೋಡೋಕೆ ಬರುತ್ತಿರಲಿಲ್ಲ. ಹಾಗಾಗಿ ಅವು ಗೊಡ್ಡಾಗಿದ್ದವೋ, ಬೈಕಿನಲ್ಲಿ ಕುಲುಕಿ ಕೆಟ್ಟವೋ, ನನಗೆ ಇವತ್ತಿಗೂ ತಿಳಿಯದು. ಈಗ ತರುವಾಗ ಒಂದು ಜಾಸ್ತಿ ಕೊಂಡು ಅಲ್ಲೇ ತಟ್ಟೆಗೆ ಒಡೆದು ನೋಡುತ್ತೇನೆ. ಮನೆಗೆ ತಂದ ಮೇಲೆ ದಪ್ಪ ತುದಿ ಮೇಲೆ ಮಾಡಿ ಒಂದು ದಿನ ಸುಮ್ನೆ ಬಿಟ್ಟು ಆಮೇಲೆ ಕೂರಿಸುತ್ತೇನೆ.

ಇನ್ಕ್ಯುಬೇಟರ್ ಬಳಸುವವರು ಥರ್ಮಾಮೀಟರ್ ಅನ್ನು ಕಣ್ಣುಮುಚ್ಚಿ ನಂಬಬೇಡಿ. ಫ್ಯಾನ್ ಇರುವ ಪೆಟ್ಟಿಗೆಗೆ 37.5 ಡಿಗ್ರಿ ಆಸುಪಾಸು ಬೇಕು. ಒಂದು ಡಿಗ್ರಿ ಮೇಲೆ ಹೋದರೂ ಎಳೆ ಭ್ರೂಣಕ್ಕೆ ಕಷ್ಟ. ಜ್ವರ ನೋಡುವ ಒಳ್ಳೆ ಥರ್ಮಾಮೀಟರ್ ಪಕ್ಕದಲ್ಲಿಟ್ಟು ತಾಳೆ ನೋಡಿ. ಮೊದಲ 18 ದಿನ ದಿನಕ್ಕೆ ಮೂರು ಸಲವಾದರೂ ಮೊಟ್ಟೆ ತಿರುಗಿಸಬೇಕು, ಆಮೇಲೆ ಮುಟ್ಟಬಾರದು. ಹೇಂಟೆ ಕೂತಿದ್ದರೆ ಈ ಯಾವ ಕಾಟವೂ ಇಲ್ಲ. ಬೇರೆ ಕೋಳಿ ಬಂದು ಕಾಡದ ಹಾಗೆ, ಇರುವೆ ಹತ್ತದ ಹಾಗೆ ನೋಡಿಕೊಂಡರೆ ಸಾಕು.

ಒಡೆದಾಗ ಎಲ್ಲವೂ ಹಾಲಿನ ಹನಿಯೇ ಆದರೆ

ಆಗ ಮಾತ್ರ ಹುಂಜದ ಕಡೆ ತಿರುಗಿ. ಆಗಲೂ ಕತ್ತಿ ತೆಗೆಯುವ ಮೊದಲು ಅದನ್ನು ಕೈಗೆತ್ತಿಕೊಂಡು ನೋಡಿ.

ಎರಡು ವರ್ಷದ ಹಿಂದೆ ನಮ್ಮಲ್ಲಿ ಗಿರಿರಾಜ ತಳಿಯ ಒಂದು ಹುಂಜ ಇತ್ತು. ಹೆಬ್ಬಾಳದಲ್ಲಿ ಬೆಳೆಸಿದ ತಳಿ ಅದು, ಬೇಗ ಬೆಳೆಯುತ್ತದೆ, ತೂಕ ಜಾಸ್ತಿ. ಆಮ್ಲೆಟ್ ತಟ್ಟೆಯಲ್ಲಿ ಮೊದಲು ಬಳೆ ಕಾಣುತ್ತಿತ್ತು, ಮಳೆಗಾಲ ಶುರುವಾದ ಮೇಲೆ ನಿಂತಿತು. ಒಂದು ವಾರ ನೋಡಿದೆ, ಎಲ್ಲ ಹಾಲಿನ ಹನಿ. ಹುಂಜ ಕೂಗುತ್ತಿತ್ತು, ಹೇಂಟೆಗಳ ಹಿಂದೆ ಓಡುತ್ತಿತ್ತು, ಹೊರಗಿನಿಂದ ಯಾವ ಕೊರತೆಯೂ ಇಲ್ಲ. ಸಂಜೆ ಹೊತ್ತು ದೂರ ಕೂತು ಗಮನಿಸಿದೆ. ಹೇಂಟೆ ಮೇಲೆ ಹತ್ತುತ್ತಿತ್ತು, ತಕ್ಷಣ ಒಂದು ಕಡೆ ಜಾರುತ್ತಿತ್ತು. ಹಿಡಿದು ಮಗುಚಿ ನೋಡಿದರೆ ಬಲಗಾಲಿನ ಅಂಗಾಲಿನಲ್ಲಿ ಗೋಲಿ ಗಾತ್ರದ ಬಾವು, ನಡುವೆ ಕಪ್ಪು ಹಕ್ಕಳೆ. ಎತ್ತರದ ಕಟ್ಟೆಯಿಂದ ಭಾರದ ಮೈ ಹೊತ್ತು ಗಟ್ಟಿ ನೆಲಕ್ಕೆ ಹಾರಿ ಹಾರಿ ಆಗಿರಬೇಕು. ಪಶುವೈದ್ಯರಿಗೆ ತೋರಿಸಿದೆವು. ಗಾಯ ಬಿಡಿಸಿ, ಔಷಧಿ ಹಾಕಿ ಕಟ್ಟಿದರು. ಮಲಗುವ ಕೋಲು ತಗ್ಗಿಸಿ, ಕೆಳಗೆ ಒಣ ಹುಲ್ಲು ಹರಡಿದೆ. ಕಾಲು ಊರುವಂತಾದ ಮೇಲೆ ಮತ್ತೆ ತಟ್ಟೆಯಲ್ಲಿ ಬಳೆ ಬಂತು.

ಹೀಗೆ ಹುಂಜದಲ್ಲಿ ನೋಡಬೇಕಾದ್ದು ಕಾಲು, ಅಂಗಾಲು, ಮೈಕೊಬ್ಬು, ಉಗುರು, ಕಾಲಿನ ಮುಳ್ಳು. ಮುಳ್ಳು ತೀರಾ ಉದ್ದ ಇದ್ದರೆ ಹೇಂಟೆ ನೋವಿಗೆ ಓಡಿಹೋಗುತ್ತದೆ. ಗುದದ ಸುತ್ತ ಪುಕ್ಕ ಸರಿಸಿ ಹೇನು ಇದೆಯಾ ನೋಡಿ. ಹೇನು ಹತ್ತಿದ ಹುಂಜಕ್ಕೆ ಬೇರೆ ಯಾವುದರ ಮೇಲೂ ಮನಸ್ಸಿರಲ್ಲ. ಒಣ ಬೂದಿ ಬೆರೆಸಿದ ಮಣ್ಣಿನ ಗುಂಡಿ ಇದ್ದರೆ ಕೋಳಿಗಳೇ ಹೊರಳಿ ಸ್ವಲ್ಪ ಮಟ್ಟಿಗೆ ಹೇನು ಕಳೆದುಕೊಳ್ಳುತ್ತವೆ.

ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ಆರು ತಿಂಗಳಿಗಿಂತ ಎಳೆ ಹುಂಜ ಕೂಗಿದ ಮಾತ್ರಕ್ಕೆ ತಯಾರಾಗಿದೆ ಅಂತಲ್ಲ. ಮೂರು ನಾಲ್ಕು ವರ್ಷ ದಾಟಿದ್ದರ ಶಕ್ತಿ ಇಳಿಯುತ್ತದೆ. ಪುಕ್ಕ ಉದುರಿಸುವ ಕಾಲದಲ್ಲೂ ಫಲ ಕಡಿಮೆ. ಕಡು ಬೇಸಿಗೆಯ ಬಿಸಿ ತಗುಲಿದರೆ ವೀರ್ಯ ಕೆಡುತ್ತದೆ, ತಂಪಾದ ಮೇಲೂ ಸರಿಹೋಗೋಕೆ ಕೆಲವು ವಾರ ಬೇಕು. ಏಪ್ರಿಲ್‌ನಲ್ಲಿ ಹಾಲಿನ ಹನಿ ಕಂಡ ಹುಂಜವನ್ನು ಜುಲೈನಲ್ಲಿ ಇನ್ನೊಮ್ಮೆ ನೋಡದೆ ತೆಗೆಯಬೇಡಿ.

ಸಂಖ್ಯೆ ಸರಿ ಇದೆಯಾ ನೋಡಿ. ಒಂದು ಹುಂಜಕ್ಕೆ ಎಂಟು ಹತ್ತು ಹೇಂಟೆ ಸಾಕು, ಭಾರದ ತಳಿಗೆ ಇನ್ನೂ ಕಡಿಮೆ. ಇಪ್ಪತ್ತು ಹೇಂಟೆಗೆ ಒಂದೇ ಹುಂಜ ಇದ್ದರೆ ಕೆಲವಕ್ಕೆ ಪಾಲೇ ಸಿಗಲ್ಲ. ಹಾಗಂತ ಐದು ಹೇಂಟೆಗೆ ಮೂರು ಹುಂಜ ಬಿಟ್ಟರೂ ಕೆಲಸ ಕೆಡುತ್ತದೆ. ಒಂದು ಹತ್ತಿದರೆ ಇನ್ನೊಂದು ಬಂದು ಕೆಳಗೆ ತಳ್ಳುತ್ತದೆ, ಹೊತ್ತೆಲ್ಲ ಜಗಳಕ್ಕೇ ಹೋಗುತ್ತದೆ.

ಮೇವಿನ ಮಾತು. ಬರೀ ರಾಗಿ, ಅಕ್ಕಿ ನುಚ್ಚು ತಿಂದ ಕೋಳಿಯ ಮೊಟ್ಟೆಯಲ್ಲಿ ಭ್ರೂಣಕ್ಕೆ ಬೇಕಾದ ಜೀವಸತ್ವಗಳು ಸಾಲದು. ಹೊಲದಲ್ಲಿ ಹುಳ, ಹಸಿರು ಹೆಕ್ಕಿ ತಿನ್ನುವ ಕೋಳಿಗೆ ಈ ಕಷ್ಟ ಕಡಿಮೆ. ಕಟ್ಟಿ ಸಾಕುವವರು ನುಗ್ಗೆ ಸೊಪ್ಪು, ಸ್ವಲ್ಪ ಹಿಂಡಿ, ಸಾಧ್ಯವಾದರೆ ಒಳ್ಳೆಯ ಸಿದ್ಧ ಮೇವು ಕೊಡಿ.

ಒಂದು ಹೇಂಟೆಯ ಮೊಟ್ಟೆ ಮಾತ್ರ ಸದಾ ಹಾಲಿನ ಹನಿ, ಉಳಿದವು ಬಳೆ ಅಂತಾದರೆ ಹುಂಜ ಸರಿ ಇದೆ. ಆ ಹೇಂಟೆಗೆ ವಯಸ್ಸಾಗಿರಬಹುದು, ಅಥವಾ ಹುಂಜಕ್ಕೆ ಅದನ್ನು ಕಂಡರೆ ಆಗದಿರಬಹುದು. ಹುಂಜಗಳಿಗೂ ಇಷ್ಟದ ಹೇಂಟೆ ಅಂತ ಇರುತ್ತದೆ. ಬೆನ್ನಿನ ಪುಕ್ಕ ಸವೆದ ಹೇಂಟೆ ನೋಡಿದರೆ ಯಾವುದು ಅಂತ ತಿಳಿಯುತ್ತದೆ. ಯಾರ ಮೊಟ್ಟೆ ಯಾವುದು ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿದರೆ ಮಾತ್ರ ಇದು ಪತ್ತೆಯಾಗುತ್ತದೆ. ಪೇಟೆಯಲ್ಲಿ ಶೋಕಿಗೆ ಸಾಕುವ ದಟ್ಟ ಪುಕ್ಕದ ಕೋಳಿಗಳಲ್ಲಿ ಹಿಂಭಾಗದ ಪುಕ್ಕವೇ ಅಡ್ಡ ಬರುತ್ತದೆ, ಕತ್ತರಿಯಲ್ಲಿ ಸ್ವಲ್ಪ ಮೊಟಕು ಮಾಡಿ.

ಹುಂಜ ಬದಲಾದಾಗ, ಸತ್ತಾಗ

ಹೊಸ ಹುಂಜ ತಂದರೆ ಎರಡು ದಿನ ಕಳೆದ ಮೇಲೆ ಬಳೆ ಮೊಟ್ಟೆ ಶುರುವಾಗಬಹುದು. ಹಳೆಯ ಹುಂಜದ ಮರಿ ಬೇಡ, ಹೊಸದರದ್ದೇ ಬೇಕು ಅಂದರೆ ಮೂರು ವಾರ ಕಾಯಿರಿ, ಹಳೆಯ ವೀರ್ಯ ಉಳಿದಿರುತ್ತದೆ.

ಇದರಿಂದ ಒಂದು ಉಪಕಾರವೂ ಇದೆ. ಒಳ್ಳೆ ಹುಂಜ ನಾಯಿ ಪಾಲಾಯಿತು, ಕೊಕ್ಕರೆ ರೋಗದಂಥ ಅಂಟುರೋಗಕ್ಕಲ್ಲದೆ ಬೇರೆ ಏನೋ ಪೆಟ್ಟಿನಿಂದ ಸತ್ತಿತು ಅಂದುಕೊಳ್ಳಿ. ಅಳುತ್ತಾ ಕೂರಬೇಡಿ. ಮುಂದಿನ ಒಂದು ವಾರ ಹತ್ತು ದಿನ ಹೇಂಟೆಗಳು ಇಡುವ ಪ್ರತಿ ಮೊಟ್ಟೆಯನ್ನೂ ಜೋಪಾನ ಮಾಡಿ ಕೂರಿಸಿ. ಸತ್ತ ಹುಂಜದ ತಳಿ ಆ ಮೊಟ್ಟೆಗಳಲ್ಲಿ ಇನ್ನೂ ಇರುತ್ತದೆ. ಎರಡನೇ ವಾರದ ನಂತರ ಬಳೆ ಕಡಿಮೆಯಾಗುತ್ತಾ ಹೋಗುತ್ತದೆ.

ಯುಗಾದಿಯ ಆ ಮೂರು ಮೊಟ್ಟೆಯಲ್ಲಿ ಎರಡು ಮರಿಯಾದವು, ಒಂದು ಚಿಪ್ಪಿನೊಳಗೇ ಸತ್ತಿತು. ಹೊಸತೊಡಕಿಗೆ ಅಂಗಡಿಯಿಂದ ಕೋಳಿ ತಂದೆವು. ಮಳೆ ಬಿದ್ದು ತಂಪಾದ ಮೇಲೆ ಅದೇ ಕೆಂದು ಹೇಂಟೆ ಮತ್ತೆ ಕಾವಿಗೆ ಬಂತು. ಮರಳಿನ ಕುಂಡದಲ್ಲಿ ಇಟ್ಟಿದ್ದ, ಎಲ್ಲವೂ ಎಂಟು ದಿನದೊಳಗಿನ 11 ಮೊಟ್ಟೆ ಕೂರಿಸಿದೆ. ಏಳನೇ ರಾತ್ರಿ ಟಾರ್ಚ್ ಇಟ್ಟು ನೋಡಿದಾಗ ಒಂದು ಖಾಲಿ, ಹತ್ತರಲ್ಲಿ ನರ. ಖಾಲಿಯನ್ನು ತಟ್ಟೆಗೆ ಒಡೆದೆ, ಸಣ್ಣ ಹಾಲಿನ ಹನಿ. ಹುಂಜ ಹೊರಗೆ ಹಲಸಿನ ಮರದ ಕೊಂಬೆ ಮೇಲೆ ಮಲಗಿತ್ತು.